ಹೆಲ್ಪ್, ರೀಡ್‌ಮಿ, ಮ್ಯಾನ್ ಪೇಜ್: ನಿಮ್ಮ ಪುಟ್ಟ ಟೂಲಿಗೆ ಯಾವುದು?

ದಾವಣಗೆರೆಯ ನಿಮ್ಮ ಕಾಲೇಜು ಲ್ಯಾಬಿಗೆ ಅಂತ, ಬೇರೆ ಪ್ರೋಗ್ರಾಂ ಓಡಿಸಿ ಹೊತ್ತು ಮೀರಿದರೆ ನಿಲ್ಲಿಸುವ ಟೂಲ್ ಬರೆದಿದ್ದೀರಿ. ವಿವರಣೆ ಎಲ್ಲಿ ಬರೆಯಲಿ ಅಂತ ಕೇಳಿದ್ದೀರಿ, ಅಲ್ವಾ?

ಕೆಲಸ ಕಡಿಮೆ ಇರುವುದು ಹೆಲ್ಪ್ ಸಂದೇಶಕ್ಕೆ, ಅಂದರೆ --help ಅಂತ ಕೊಟ್ಟರೆ ಟೂಲೇ ತೋರಿಸುವ ಕಿರು ವಿವರಣೆಗೆ. ಇಪ್ಪತ್ತು ಸಾಲು, ಬೆಣ್ಣೆ ದೋಸೆ ಟೇಬಲ್ಲಿಗೆ ಬರುವಷ್ಟರಲ್ಲಿ ಮುಗಿಯುತ್ತದೆ. ಕೋಡಿನ ಒಳಗೇ ಇರುವುದರಿಂದ ಹಳೆಯದಾಗುವುದೂ ಕಡಿಮೆ. ಕೋಡಿನ ಜೊತೆ ಇಡುವ ಪರಿಚಯದ ಫೈಲು ರೀಡ್‌ಮಿ. ಅದರಲ್ಲಿ ಉದಾಹರಣೆಗಳಿಗೆ ಜಾಗ ಜಾಸ್ತಿ, ಆದರೆ ಇನ್‌ಸ್ಟಾಲ್ ಆದ ಮೇಲೆ ಅದನ್ನು ಹುಡುಕುವವರು ಅಪರೂಪ.

ಕರಾರುವಾಕ್ಕಾಗಿ ಹೇಳಬೇಕಾದರೆ ಮ್ಯಾನ್ ಪೇಜೇ ಸರಿ, ಅಂದರೆ ಟರ್ಮಿನಲ್ಲಿನಲ್ಲಿ man ಅಂತ ಕೊಟ್ಟು ತೆರೆಯುವ ಕೈಪಿಡಿ ಪುಟ. ಇಂಥ ಟೂಲಿನಲ್ಲಿ ಗೊಂದಲ ಎರಡು ಕಡೆ. ಕಮಾಂಡಿನ ಜೊತೆ ಬರೆಯುವ ಆಯ್ಕೆಗಳಲ್ಲಿ (ಆಪ್ಷನ್) ಯಾವುದು ನಿಮ್ಮ ಟೂಲಿನದು, ಯಾವುದು ಒಳಗೆ ಓಡುವ ಪ್ರೋಗ್ರಾಮಿನದು? ಎಲ್ಲಿಂದ ಮುಂದೆ ಅದರದು ಅಂತ ಬಿಡಿಸಿ ಬರೆಯಿರಿ. ಇನ್ನೊಂದು ಎಕ್ಸಿಟ್ ಕೋಡ್, ಅಂದರೆ ಕೆಲಸ ಹೇಗೆ ಮುಗಿಯಿತು ಅಂತ ಟೂಲ್ ಕೊನೆಗೆ ಕೊಡುವ ಸಂಖ್ಯೆ. ಇದೇ ಕೆಲಸ ಮಾಡುವ ಗ್ನೂ ಟೈಮೌಟ್ (timeout) ಕಮಾಂಡಿನಲ್ಲಿ ಹೊತ್ತು ಮೀರಿದರೆ 124, ಪ್ರೋಗ್ರಾಂ ಸಿಕ್ಕರೂ ಓಡಿಸಲಾಗದಿದ್ದರೆ 126, ಸಿಗದೇ ಇದ್ದರೆ 127. ನಿಮ್ಮದರಲ್ಲಿ ಎಷ್ಟು? ಮ್ಯಾನ್ ಪೇಜಿನ ಫಾರ್ಮ್ಯಾಟ್ ಮಾತ್ರ ಶುರುವಿನಲ್ಲಿ ಕಿರಿಕಿರಿ. ನೆಟ್ ಇಲ್ಲದ ಲ್ಯಾಬಿನಲ್ಲೂ ತೆರೆಯುತ್ತದೆ, ಅದು ದೊಡ್ಡ ಅನುಕೂಲ.

ಗೆಳೆಯರಷ್ಟೇ ಬಳಸುವುದಾದರೆ ಹೆಲ್ಪ್ ಸಾಕು. ಕೋಡ್ ಹಂಚುವುದಾದರೆ ರೀಡ್‌ಮಿ ಸೇರಿಸಿ. ಬೇರೆಯವರ ಸ್ಕ್ರಿಪ್ಟುಗಳು ನಿಮ್ಮ ಟೂಲನ್ನು ಕರೆಯಲು ಶುರು ಮಾಡಿದರೆ ಮ್ಯಾನ್ ಪೇಜಿಗೆ ಒಂದು ಭಾನುವಾರ ಎತ್ತಿಡಿ.