ಎರಡು ಸ್ಟಿಕ್ಕಾ ನಾಲ್ಕಾ, 6000ಆ 7200ಆ: ಒಂದೇ ಬೋರ್ಡಲ್ಲಿ ಹಾಕಿ ನೋಡಿದ ರ‍್ಯಾಮ್‌ಗಳು

ಮನೇಲೇ ಪಿಸಿ ಜೋಡಿಸೋಕೆ ಹೊರಟೋರು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡಿಗೆಲ್ಲಾ ತಲೆ ಕೆಡಿಸ್ಕೊಂಡು, ರ‍್ಯಾಮ್ ಅಂತ ಬಂದಾಗ ಮಾತ್ರ "32 ಜಿಬಿ, ದೊಡ್ಡ ನಂಬರ್ ಇರೋದು" ಅಂತ ಆರ್ಡರ್ ಮಾಡ್ಬಿಡ್ತಾರೆ. ಬೂಟೇನೋ ಆಗುತ್ತೆ, ಹೆಚ್ಚಿನ ಸಲ. ಡಬ್ಬಿ ಮೇಲೆ ಬರ್ದಿರೋ ಸ್ಪೀಡಲ್ಲಿ ಹ್ಯಾಂಗ್ ಆಗ್ದೇ ಓಡುತ್ತಾ ಅನ್ನೋದು ಬೇರೆ ಕಥೆ. ನಂದು ಎಎಂಡಿಯ ರೈಜೆನ್ 5 7600 ಪ್ರೊಸೆಸರ್, ನಾಲ್ಕು ಸ್ಲಾಟಿನ ಬಿ650 ಬೋರ್ಡು (ಎಎಂ5 ಸಾಕೆಟಿನದು). ಇದ್ರಲ್ಲಿ ಬೇರೆಬೇರೆ ತರದ ಡಿಡಿಆರ್5 (ಡಿಡಿಆರ್4ರ ನಂತರದ ತಲೆಮಾರಿನ ರ‍್ಯಾಮ್) ಹಾಕಿ ನೋಡಿದೀನಿ, ಕೆಲವು ನಂದೇ, ಕೆಲವು ಗೆಳೆಯರ ಹತ್ರ ಇಸ್ಕೊಂಡಿದ್ದು. ಕಿಟ್ ಕಂಪನಿ ಹೆಸ್ರು ಹೇಳಲ್ಲ, ಹೇಳಿದ್ರೂ ಅಷ್ಟು ಪ್ರಯೋಜನ ಇಲ್ಲ, ಯಾಕಂದ್ರೆ ಒಳಗಿನ ಚಿಪ್ ಮಾಡೋ ದೊಡ್ಡೋರು ಮೂರೇ ಜನ, ಎಸ್‌ಕೆ ಹೈನಿಕ್ಸ್, ಸ್ಯಾಮ್‌ಸಂಗ್, ಮೈಕ್ರಾನ್, ಒಂದೇ ಮಾಡೆಲ್ಲಲ್ಲೂ ಈ ಬ್ಯಾಚಲ್ಲಿ ಒಬ್ಬರದು ಮುಂದಿನ ಬ್ಯಾಚಲ್ಲಿ ಇನ್ನೊಬ್ಬರದು ಇರ್ಬೋದು.

ಕೂರುತ್ತಾ ಇಲ್ವಾ ಅನ್ನೋದನ್ನ ಮೊದ್ಲು ಮುಗಿಸ್ಬಿಡ್ತೀನಿ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನೇ, ಆದ್ರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ಒಂದರ ಸ್ಲಾಟಿಗೆ ಇನ್ನೊಂದು ಹೋಗಲ್ಲ, ಒತ್ತಿ ನೋಡ್ಬೇಡಿ. ಎಎಂಡಿಯ ಹಳೇ ಎಎಂ4 ಸಾಕೆಟಿನ ಬೋರ್ಡಿಗೆ ಡಿಡಿಆರ್4 ಮಾತ್ರ, ಎಎಂ5ಗೆ ಡಿಡಿಆರ್5 ಮಾತ್ರ. ಇಂಟೆಲ್ 12, 13, 14ನೇ ಜನರೇಶನ್ ಪ್ರೊಸೆಸರ್‌ಗಳು ಎರಡನ್ನೂ ಒಪ್ಕೊಳ್ತವೆ, ಅಲ್ಲಿ ಬೋರ್ಡ್ ಯಾವುದಕ್ಕೆ ಮಾಡಿದ್ದು ಅಂತ ನೋಡ್ಬೇಕು. ಲ್ಯಾಪ್‌ಟಾಪಿನ ಚಿಕ್ಕ ಸ್ಟಿಕ್, ಸರ್ವರಿಂದ ಕಿತ್ತು ಮಾರೋ ರಿಜಿಸ್ಟರ್ಡ್ ಸ್ಟಿಕ್, ಎರಡೂ ಮನೆ ಡೆಸ್ಕ್‌ಟಾಪಿಗೆ ಆಗಲ್ಲ.

ಈಗ ಹೋಲಿಕೆ. ಮೊದಲನೇದು ಹೀಟ್‌ಸಿಂಕ್ ಗೀಟ್‌ಸಿಂಕ್ ಏನೂ ಇಲ್ದಿರೋ ಬೋಳು ಸ್ಟಿಕ್ಕು, 5600 ಸಿಎಲ್46 (ಮೊದಲ ನಂಬರ್ ಸ್ಪೀಡು, ಸಿಎಲ್ ಅಂದ್ರೆ ಕೇಳಿದ ಡೇಟಾ ಬರೋಕೆ ಕಾಯ್ಬೇಕಾದ ಕ್ಲಾಕುಗಳ ಲೆಕ್ಕ), ಎರಡು 16 ಜಿಬಿ. ಇದ್ರಷ್ಟು ತಂಟೆ ಇಲ್ಲದ ರ‍್ಯಾಮ್ ಇನ್ನೊಂದಿಲ್ಲ. 1.1 ವೋಲ್ಟಲ್ಲೇ ಕೆಲ್ಸ, ಹಾಕ್ದೆ, ಬೂಟ್ ಆಯ್ತು, ಬೋರ್ಡ್ ತಾನೇ 5200ಕ್ಕೆ ಇಳಿಸ್ಕೊಂಡು ಓಡಿಸ್ತು (7600ಗೆ ಎಎಂಡಿ ಅಧಿಕೃತವಾಗಿ ಹೇಳೋದೇ ಅಷ್ಟು), ಬಯೋಸಲ್ಲಿ (ಬೋರ್ಡಿನ ಸೆಟ್ಟಿಂಗ್ಸ್) 5600 ಕೊಟ್ರೂ ತಕರಾರಿಲ್ಲ. ಬ್ರೌಸರ್, ಆಫೀಸ್ ಕೆಲ್ಸ, ಕೋಡಿಂಗ್ ಯಾವುದ್ರಲ್ಲೂ ಇದು ನಿಧಾನ ಅಂತ ನಂಗೆ ಅನ್ನಿಸ್ಲಿಲ್ಲ. ಗೇಮಲ್ಲಿ ಮಾತ್ರ, ಅದೂ ಪ್ರೊಸೆಸರ್ ಮೇಲೆ ಭಾರ ಬೀಳೋ ಗೇಮಲ್ಲಿ, ಆಗಾಗ ಒಂದು ಸಣ್ಣ ತಡವರಿಕೆ ಕಾಣ್ಸುತ್ತೆ.

ಎರಡನೇದು 6000 ಸಿಎಲ್30, ಎಕ್ಸ್‌ಪೋ ಪ್ರೊಫೈಲ್ (ಆನ್ ಮಾಡಿದ್ರೆ ಡಬ್ಬಿ ಮೇಲಿನ ಸ್ಪೀಡ್ ತಾನೇ ಹೊಂದಿಸೋ ಎಎಂಡಿ ಸೆಟ್ಟಿಂಗ್) ಇರೋದು, ಇದೂ ಎರಡು 16. ಇಲ್ಲಿ ಒಂದು ಲೆಕ್ಕ ಗೊತ್ತಿರ್ಲಿ: ಸಿಎಲ್ ನಂಬರನ್ನ 2000ದಿಂದ ಗುಣಿಸಿ ಸ್ಪೀಡಿಂದ ಭಾಗಿಸಿದ್ರೆ ಆ ಕಾಯೋ ಸಮಯ ನ್ಯಾನೊಸೆಕೆಂಡಲ್ಲಿ ಬರುತ್ತೆ, ಕಮ್ಮಿ ಇದ್ದಷ್ಟೂ ಒಳ್ಳೇದು. 6000 ಸಿಎಲ್30ಗೆ 10, ಮೇಲಿನ ಬೋಳು ಸ್ಟಿಕ್ಕಿಗೆ 16.4. ಅದೇ 6000 ಅಂತ ಬರ್ಕೊಂಡು ಸಿಎಲ್40 ಇರೋ ಕಿಟ್‌ಗಳೂ ಸಿಗ್ತವೆ, ಅದು 13.3. ಡಬ್ಬಿ ಮೇಲೆ ದೊಡ್ಡಕ್ಷರದಲ್ಲಿ ಸ್ಪೀಡು, ಮೂಲೇಲಿ ಸಣ್ಣಕ್ಷರದಲ್ಲಿ ಸಿಎಲ್, ನೀವು ಓದ್ಬೇಕಾದ್ದು ಎರಡನ್ನೂ. ಮಜಾ ಏನಂದ್ರೆ ಹಳೇ ಡಿಡಿಆರ್4 3200 ಸಿಎಲ್16ಗೂ ಇದೇ 10 ನ್ಯಾನೊಸೆಕೆಂಡೇ. ಎಕ್ಸ್‌ಪೋ ಆನ್ ಮಾಡಿದ ತಕ್ಷಣ ನನ್ನ ಬೋರ್ಡಲ್ಲಿ ಮೆಮೊರಿ ಕಂಟ್ರೋಲರ್ (ಪ್ರೊಸೆಸರ್ ಒಳಗೆ ರ‍್ಯಾಮ್ ನೋಡ್ಕೊಳ್ಳೋ ಭಾಗ) 3000 ಮೆಗಾಹರ್ಟ್ಸಲ್ಲಿ ರ‍್ಯಾಮ್ ಜೊತೆ ಸರಿಸಮ ಹೆಜ್ಜೆ ಹಾಕ್ತು, ಗೇಮಿನ ತಡವರಿಕೆ ಹೋಯ್ತು, ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿಸಿದ್ರೂ ಒಂದು ಎರರ್ ಇಲ್ಲ. ಎಕ್ಸ್‌ಪೋ ಆನ್ ಮಾಡ್ದೇ ಬಿಟ್ರೆ ಇದೇ ಕಿಟ್ 4800ಲ್ಲಿ ಸುಮ್ನೆ ಓಡ್ತಿರುತ್ತೆ, ತುಂಬಾ ಜನರ ಮನೇಲಿ ಹಾಗೇ ಓಡ್ತಾ ಇದೆ, ಟಾಸ್ಕ್ ಮ್ಯಾನೇಜರ್ ತೆಗ್ದು ಒಂದ್ಸಲ ನೋಡ್ಕೊಳಿ. ಸಿಪಿಯು-ಝಡ್ 3000 ತೋರ್ಸುತ್ತೆ ಅಂತ ಗಾಬರಿ ಬೇಡ, ಒಂದು ಕ್ಲಾಕಿಗೆ ಎರಡು ಸಲ ಡೇಟಾ ಹೋಗುತ್ತೆ, ಅದೇ 6000.

ಮೂರನೇದು 7200, ಎಕ್ಸ್‌ಎಂಪಿ (ಎಕ್ಸ್‌ಪೋ ತರದ್ದೇ ಇಂಟೆಲ್ ಸೆಟ್ಟಿಂಗ್) ಕಿಟ್ಟು, ಇಂಟೆಲ್ ಬೋರ್ಡಿಗಂತ ಗೆಳೆಯ ತಗೊಂಡಿದ್ದು. ನನ್ನ ಬೋರ್ಡು ಎಕ್ಸ್‌ಎಂಪಿ ಪ್ರೊಫೈಲನ್ನೂ ಓದ್ತು, ಅದೇನು ಸಮಸ್ಯೆ ಆಗ್ಲಿಲ್ಲ, ಬೂಟೂ ಆಯ್ತು. ಆದ್ರೆ ಕಂಟ್ರೋಲರ್ ಅರ್ಧ ಸ್ಪೀಡಿಗೆ, ಅಂದ್ರೆ 1800ಕ್ಕೆ, ಇಳೀತು. ಇದ್ರ ಮೇಲೆ ಇನ್ನೊಂದು ವಿಷಯ ಇದೆ, ಇದನ್ನ ಅಂಗಡಿಯವರು ಯಾರೂ ಹೇಳಲ್ಲ. 7600ರಲ್ಲಿ ಕೋರ್‌ಗಳಿರೋ ತುಂಡು ಒಂದೇ, ಆ ತುಂಡಿಂದ ಮೆಮೊರಿ ಕಂಟ್ರೋಲರಿಗೆ ಹೋಗೋ ದಾರಿ, ಇನ್ಫಿನಿಟಿ ಫ್ಯಾಬ್ರಿಕ್ ಅಂತಾರಲ್ಲ ಅದು, ಕ್ಲಾಕಿಗೆ 32 ಬೈಟ್ ಓದುತ್ತೆ. ಫ್ಯಾಬ್ರಿಕ್ 2000ದಲ್ಲಿದ್ರೆ ಸೆಕೆಂಡಿಗೆ 64 ಜಿಬಿ, ಮುಗೀತು. 6000 ರ‍್ಯಾಮ್ ಎರಡು ಚಾನೆಲ್ (ರ‍್ಯಾಮಿಂದ ಪ್ರೊಸೆಸರಿಗೆ ಹೋಗೋ ದಾರಿ) ಸೇರಿ 96 ಜಿಬಿ ಕೊಡೋಕೆ ರೆಡಿ, 7200 ಆದ್ರೆ 115, ಆದ್ರೆ ಬಾಗಿಲೇ 64ರದ್ದು. ಸ್ಪೀಡ್ ಅಳೆಯೋ ಐಡಾ64 ಸಾಫ್ಟ್‌ವೇರಲ್ಲಿ ಓದೋ ಸ್ಪೀಡ್ ಎರಡಕ್ಕೂ 60ರ ಆಸುಪಾಸಲ್ಲೇ ಬಂತು, ಲೇಟೆನ್ಸಿ (ಕಾಯೋ ಸಮಯ) 7200ದಲ್ಲೇ ಜಾಸ್ತಿ. ದುಬಾರಿ ಕಿಟ್ಟು, ಕಮ್ಮಿ ಲಾಭ. ಇಂಟೆಲ್ ಕಡೆ 7200ಗೆ ಬೆಲೆ ಇದೆ, ಗೆಳೆಯನ ಮೆಷಿನಲ್ಲಿ ಅದು ಚೆನ್ನಾಗೇ ಓಡ್ತಿದೆ, ಎಎಂ5 ಇರೋರು ಆ ನಂಬರ್ ಹಿಂದೆ ಹೋಗ್ಬೇಡಿ. ನಿಮ್ಮದು ಹೆಸರಲ್ಲಿ ಎಕ್ಸ್3ಡಿ ಇರೋ ಪ್ರೊಸೆಸರ್ ಆದ್ರಂತೂ ಅದ್ರೊಳಗಿನ ದೊಡ್ಡ ವೇಗದ ಮೆಮೊರಿ, ಅಂದ್ರೆ ಕ್ಯಾಶೇ, ಅರ್ಧ ಕೆಲ್ಸ ಮಾಡ್ಬಿಡುತ್ತೆ, ಗೇಮಲ್ಲಿ ಒಂದು ರ‍್ಯಾಮಿಗೂ ಇನ್ನೊಂದಕ್ಕೂ ಅಂತರ ಇನ್ನೂ ಕಮ್ಮಿ.

ನಾಲ್ಕನೇದಕ್ಕೆ ಬಂದ್ರೆ, ಅದೇ 6000 ಸಿಎಲ್30 ಕಿಟ್ಟಿಗೆ ಅದೇ ಮಾಡೆಲಿನ ಇನ್ನೊಂದು ಕಿಟ್ ಸೇರಿಸಿ ನಾಲ್ಕೂ ಸ್ಲಾಟ್ ತುಂಬಿಸೋದು. ಸ್ಲಾಟ್ ಖಾಲಿ ಇದೆಯಲ್ಲ, ಇವತ್ತು ಎರಡು ಆಮೇಲೆ ಎರಡು ಅಂತ ಎಲ್ರೂ ಯೋಚ್ನೆ ಮಾಡೋದೇ. ಡಿಡಿಆರ್4 ಕಾಲದಲ್ಲಿ ಅದು ನಡೀತಿತ್ತು ಕೂಡ. ಇಲ್ಲಿ ಎಕ್ಸ್‌ಪೋ ಆನ್ ಮಾಡಿದ್ರೆ ಪರದೆ ಕಪ್ಪು, ಬೋರ್ಡ್ ತಾನೇ ಸಾಕಾಗಿ ಡೀಫಾಲ್ಟಿಗೆ ವಾಪಸ್. 5200ಕ್ಕೆ ಇಳಿಸಿದ್ರೆ ವಿಂಡೋಸ್ ಬರುತ್ತೆ, ಮೆಮ್‌ಟೆಸ್ಟಲ್ಲಿ ಕೆಂಪು ಸಾಲು. 4800ರಲ್ಲಿ ಬೂಟ್ ಆಗಿ ನಿಂತ್ಕೊಳ್ತು. ಸ್ಟಿಕ್ಕಿನ ತಪ್ಪಲ್ಲ ಇದು, ಎರಡೂ ಕಿಟ್ ಬೇರೆಬೇರೆಯಾಗಿ ಹಾಕಿದಾಗ 6000ದಲ್ಲಿ ಸಲೀಸಾಗಿ ಓಡಿದ್ವು. ರೈಜೆನ್ 7000ಕ್ಕೆ ಎಎಂಡಿ ಹೇಳೋ ಮಿತಿ ಎರಡು ಸ್ಟಿಕ್ಕಿಗೆ 5200, ನಾಲ್ಕಕ್ಕೆ 3600 ಅಷ್ಟೇ, 4800 ಸಿಕ್ಕಿದ್ದೇ ಪುಣ್ಯ. ಒಂದು ಚಾನೆಲಲ್ಲಿ ಎರಡು ಸ್ಟಿಕ್ ಕೂತ್ರೆ ಒಂದೇ ವೈರಿಂಗಿಗೆ ಎರಡು ಹೊರೆ, ಈ ಸ್ಪೀಡಲ್ಲಿ ಸಿಗ್ನಲ್ ತಡ್ಕೊಳಲ್ಲ. ಜೊತೆಗೆ, ಬೇರೆಬೇರೆ ಸಲ ತಗೊಂಡ ಕಿಟ್‌ಗಳನ್ನ ಫ್ಯಾಕ್ಟರೀಲಿ ಒಟ್ಟಿಗೆ ಇಟ್ಟು ಯಾರೂ ಟೆಸ್ಟ್ ಮಾಡಿರಲ್ಲ.

64 ಜಿಬಿ ಬೇಕೇ ಬೇಕು ಅನ್ನೋರಿಗೆ ಎರಡು 32 ಜಿಬಿ ಸ್ಟಿಕ್ಕಿನ ಕಿಟ್ಟೇ ದಾರಿ. ಅದನ್ನೂ ಹಾಕಿ ನೋಡ್ದೆ, 6000ದಲ್ಲಿ ಎಕ್ಸ್‌ಪೋ ಮೊದಲ ಸಲಕ್ಕೇ ಹಿಡೀತು, ವಿಡಿಯೋ ಎಡಿಟಿಂಗ್ ಮಾಡೋಕೆ ಈಗ ಅದೇ ನನ್ನ ಬೋರ್ಡಲ್ಲಿದೆ. ಉಲ್ಟಾ ಕಡೆ, 8 ಜಿಬಿ ಡಿಡಿಆರ್5 ಸ್ಟಿಕ್ ಎರಡು ಹಾಕೋ ಐಡಿಯಾ ಬಿಡಿ. ಅದ್ರಲ್ಲಿ ಚಿಪ್‌ಗಳು ನಾಲ್ಕೇ, ಒಟ್ಟೊಟ್ಟಿಗೆ ಕೆಲ್ಸ ಮಾಡೋ ಒಳಭಾಗಗಳೂ (ಬ್ಯಾಂಕ್ ಗ್ರೂಪ್) ಅರ್ಧ, ಒಂದೇ ಸ್ಪೀಡ್ ಬರ್ದಿದ್ರೂ 16ರಷ್ಟು ಚುರುಕಿರಲ್ಲ. 16 ಜಿಬಿದು ಒಂದೇ ಸ್ಟಿಕ್ ಹಾಕಿದ್ರೆ ಚಾನೆಲ್ ಒಂದೇ ಆಗಿ ಬ್ಯಾಂಡ್‌ವಿಡ್ತ್ ಅರ್ಧ, ಗ್ರಾಫಿಕ್ಸ್ ಕಾರ್ಡ್ ಇಲ್ದೇ ಪ್ರೊಸೆಸರಿನ ಗ್ರಾಫಿಕ್ಸಲ್ಲೇ ಆಡೋರಿಗೆ ಇದು ಜೋರಾಗೇ ಹೊಡೆಯುತ್ತೆ.

ಆರ್ಡರ್ ಮಾಡೋ ಮುಂಚೆ ಬೋರ್ಡ್ ಕಂಪನಿ ಸೈಟಲ್ಲಿ ಕ್ಯೂವಿಎಲ್ ಅಂತ ಪಟ್ಟಿ ಇರುತ್ತೆ, ಅವ್ರೇ ಹಾಕಿ ಟೆಸ್ಟ್ ಮಾಡಿದ ಕಿಟ್‌ಗಳದ್ದು, ಅದ್ರಲ್ಲಿ ಪಾರ್ಟ್ ನಂಬರ್ ಪೂರ್ತಿ ಹೊಂದಿಸಿ ನೋಡಿ, ಕೊನೇ ಎರಡಕ್ಷರ ಬದಲಾದ್ರೂ ಬೇರೆ ಮಾಲು. ಪಟ್ಟೀಲಿ ಇಲ್ಲ ಅಂದ್ರೆ ಓಡಲ್ಲ ಅಂತಲ್ಲ, ಯಾರೂ ನೋಡಿಲ್ಲ ಅಂತ ಅಷ್ಟೇ. ಎತ್ತರಾನೂ ನೋಡಿ: ಲೈಟ್ ಇರೋ ಕಿಟ್‌ಗಳು ಎತ್ತರ ಜಾಸ್ತಿ, ದೊಡ್ಡ ಏರ್ ಕೂಲರ್ ಇದ್ರೆ ಫ್ಯಾನಿಗೆ ತಗಲ್ತವೆ, ಬೋಳು ಸ್ಟಿಕ್ ಸುಮಾರು 31 ಮಿಲಿಮೀಟರ್, ಹೆಚ್ಚಿನ ಕೂಲರ್‌ಗಳ ಕೆಳಗೆ ನುಸುಳುತ್ತೆ.

ಹಾಕೋವಾಗ ಪ್ರೊಸೆಸರಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟು. ಎಕ್ಸ್‌ಪೋ ಆನ್ ಮಾಡೋ ಮುಂಚೆ ಬಯೋಸ್ ಅಪ್‌ಡೇಟ್ ಮಾಡ್ಕೊಳಿ, 2023ರಲ್ಲಿ ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟ ಸುದ್ದಿ ಬಂದ್ಮೇಲೆ ಎಎಂಡಿ ಎಸ್‌ಒಸಿ ವೋಲ್ಟೇಜನ್ನ (ಪ್ರೊಸೆಸರಲ್ಲಿ ಮೆಮೊರಿ ಕಂಟ್ರೋಲರ್ ಇರೋ ಭಾಗದ್ದು) 1.3 ವೋಲ್ಟಿಗೆ ಕಟ್ಟಿಹಾಕಿದೆ, ಹಳೇ ಬಯೋಸಲ್ಲಿ ಆ ಕಡಿವಾಣ ಇರಲ್ಲ. ಹೊಸ ರ‍್ಯಾಮ್ ಹಾಕಿ ಮೊದಲ ಸಲ ಆನ್ ಮಾಡ್ದಾಗ ಪರದೆ ಕೆಲವು ನಿಮಿಷ ಕಪ್ಪಗೇ ಇರುತ್ತೆ, ಬೋರ್ಡು ಮೆಮೊರಿ ಟ್ರೇನಿಂಗ್ ಮಾಡ್ತಿರುತ್ತೆ, ಸತ್ತೋಯ್ತು ಅಂತ ಸ್ವಿಚ್ ಆಫ್ ಮಾಡ್ಬೇಡಿ. ಆಮೇಲೆ ಮೆಮ್‌ಟೆಸ್ಟಲ್ಲಿ ಒಂದೇ ಒಂದು ಎರರ್ ಬಂದ್ರೂ ಮೊದ್ಲು 5600ಕ್ಕೆ ಇಳಿಸಿ ಮತ್ತೆ ಓಡಿಸಿ, ಅಲ್ಲೂ ಬಂದ್ರೆ ಒಂದೊಂದೇ ಸ್ಟಿಕ್ ಹಾಕಿ ಯಾವುದು ಅಂತ ಹುಡ್ಕಿ, ಸಿಕ್ಕಿದ್ಮೇಲೆ ವಾಪಸ್ ಕೊಡೋವಾಗ ಎರಡೂ ಸ್ಟಿಕ್ ಒಟ್ಟಿಗೇ ಕೊಡಿ, ಒಂದನ್ನ ಮಾತ್ರ ಬದಲಾಯಿಸ್ಕೊಂಡ್ರೆ ಜೋಡಿ ತಪ್ಪುತ್ತೆ.