ಪೆಟ್ಟಿಗೆ ತೆರೆಯುವ ಮೊದಲೇ ಬರುವ ತೀರ್ಪು: ಒಂದು ‘ಮಾರಾಟಗಾರ ರಕ್ಷಣೆ’ ಸೇವೆಯ ವಿಮರ್ಶೆ

ಮೂರು ವರ್ಷಗಳಿಂದ ನಾನು ಹಳೆಯ ಕ್ಯಾಮೆರಾ ಲೆನ್ಸ್‌ಗಳನ್ನು ಕೊಂಡು, ಬಿಚ್ಚಿ ಶುಚಿಗೊಳಿಸಿ, ಪರೀಕ್ಷಿಸಿ, ಒಂದು ದೊಡ್ಡ ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರುತ್ತಿದ್ದೇನೆ. ಗ್ರಾಹಕರು ವಸ್ತುವನ್ನು ಹಿಂದಿರುಗಿಸುವಾಗ ಮೋಸವಾದರೆ ಮಾರಾಟಗಾರರಿಗೆ ನೆರವಾಗಲೆಂದು ಆ ಮಾರುಕಟ್ಟೆ ಒಂದು ‘ಮಾರಾಟಗಾರ ರಕ್ಷಣೆ’ ಸೇವೆಯನ್ನು ನಡೆಸುತ್ತದೆ. ಇದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಪ್ರತಿ ಮಾರಾಟದಲ್ಲೂ ಮುರಿದುಕೊಳ್ಳುವ ಕಮಿಷನ್‌ನಲ್ಲಿಯೇ ಇದರ ವೆಚ್ಚವೂ ಸೇರಿದೆ ಎಂದು ಒಪ್ಪಂದದಲ್ಲಿ ಬರೆದಿದೆ. ಆದ್ದರಿಂದ ಇದನ್ನು ಅವರು ಮಾಡುವ ಉಪಕಾರವೆಂದು ನೋಡದೆ, ನಾವು ಹಣ ತೆತ್ತು ಪಡೆಯುವ ಸೇವೆಯೆಂದೇ ಅಳೆಯುವುದು ನ್ಯಾಯ. ಈವರೆಗೆ ಹನ್ನೊಂದು ಪ್ರಕರಣಗಳಲ್ಲಿ ನಾನು ಈ ಸೇವೆಯ ಬಾಗಿಲು ತಟ್ಟಿದ್ದೇನೆ.

ಮೊದಲ ದೊಡ್ಡ ಪ್ರಕರಣ ಒಂದು 85 ಮಿಲಿಮೀಟರ್ ಲೆನ್ಸಿನದು. ಗಾಜಿನೊಳಗೆ ಒಂದು ಕಣ ಧೂಳನ್ನೂ ಬಿಡದೆ ಶುಚಿಗೊಳಿಸಿ ಕಳುಹಿಸಿದ್ದ ಲೆನ್ಸ್ ಅದು. ಒಂಬತ್ತನೆಯ ದಿನ ಖರೀದಿದಾರರಿಂದ ಒಂದು ಸಾಲಿನ ಸಂದೇಶ ಬಂತು: ಒಳಗೆ ಫಂಗಸ್ ಇದೆ, ವಿವರಣೆಯಲ್ಲಿ ಹೇಳಿದಂತಿಲ್ಲ, ಹಣ ಹಿಂದಿರುಗಿಸಿ. ‘ವಿವರಣೆಯಂತಿಲ್ಲ’ ಎಂಬ ಕಾರಣವನ್ನು ಆರಿಸಿದರೆ ಈ ಮಾರುಕಟ್ಟೆಯಲ್ಲಿ ರಿಟರ್ನ್ ತಾನಾಗಿಯೇ ಮಂಜೂರಾಗುತ್ತದೆ. ಎರಡೂ ಕಡೆಯ ಸಾಗಣೆ ವೆಚ್ಚ ಮಾರಾಟಗಾರರ ತಲೆಗೇ ಬರುತ್ತದೆ. ಪಾರ್ಸೆಲ್ ಬಂದ ಸಂಜೆ ಲೆನ್ಸಿನ ಹಿಂಬದಿಗೆ ಟಾರ್ಚ್ ಹಿಡಿದು ಮುಂದಿನಿಂದ ನೋಡಿದೆ. ಎರಡನೆಯ ಗಾಜಿನ ಅಂಚಿನಿಂದ ನಡುವಿನತ್ತ ಜೇಡರ ಬಲೆಯಂತಹ ಬಿಳಿಯ ಎಳೆಗಳು ಹರಡಿದ್ದವು. ಅಷ್ಟು ಬೂಷ್ಟು ಒಂಬತ್ತು ದಿನಗಳಲ್ಲಿ ಬೆಳೆಯುವಂಥದ್ದಲ್ಲ. ಲೆನ್ಸನ್ನು ತಿರುಗಿಸಿ ಸೀರಿಯಲ್ ನಂಬರ್ ನೋಡಿದಾಗ ಕೊನೆಯ ಎರಡು ಅಂಕಿಗಳು ಬೇರೆಯೇ ಇದ್ದವು. ಕ್ಯಾಮೆರಾಕ್ಕೆ ಕೂರುವ ಲೋಹದ ಬಳೆಯ ಒಂದು ಸ್ಕ್ರೂವಿನ ತಲೆ, ಯಾರೋ ತಪ್ಪು ಅಳತೆಯ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ್ದರಿಂದ, ಸವೆದು ಹೊಳೆಯುತ್ತಿತ್ತು. ನಾನು ಕಳುಹಿಸಿದ ಲೆನ್ಸ್ ಅವರ ಬಳಿಯೇ ಉಳಿದು, ಅವರ ಕೆಟ್ಟ ಲೆನ್ಸ್ ನನ್ನ ಮೇಜಿಗೆ ಬಂದಿತ್ತು.

ಇಲ್ಲಿಂದ ಮುಂದೆ ನಡೆದದ್ದೇ ಈ ಸೇವೆಯ ನಿಜವಾದ ಪರೀಕ್ಷೆ. ನಾನು ಪೆಟ್ಟಿಗೆಯ ಟೇಪ್ ಕತ್ತರಿಸುವ ಹೊತ್ತಿಗಾಗಲೇ ಖರೀದಿದಾರರಿಗೆ ಪೂರ್ತಿ ಹಣ ಸಂದಾಯವಾಗಿತ್ತು. ಕೊರಿಯರ್ ಹುಡುಗ ನನ್ನ ಬಾಗಿಲಲ್ಲಿ ಪಾರ್ಸೆಲ್ ಸ್ಕ್ಯಾನ್ ಮಾಡಿದ ಕ್ಷಣವೇ ರೀಫಂಡ್ ಹೊರಟುಬಿಡುವಂತೆ ವ್ಯವಸ್ಥೆ ರೂಪುಗೊಂಡಿದೆ. ದೂರು ಸಲ್ಲಿಸುವ ಫಾರ್ಮ್‌ನಲ್ಲಿ ಆರು ಆಯ್ಕೆಗಳಿವೆ. ‘ಬೇರೆಯೇ ವಸ್ತು ಬಂದಿದೆ’ ಎಂಬುದು ಆ ಆರರಲ್ಲಿ ಇಲ್ಲ. ಹತ್ತಿರದ್ದೆಂದರೆ ‘ವಸ್ತು ಬಳಸಿದ ಸ್ಥಿತಿಯಲ್ಲಿ ಬಂದಿದೆ’ ಎಂಬುದು. ಮೊದಲೇ ಬಳಸಿದ ಲೆನ್ಸನ್ನು ಮಾರುವವರಿಗೆ ಆ ಆಯ್ಕೆ ಯಾವ ಕೆಲಸಕ್ಕೂ ಬಾರದು. ಒಂದು ಸಾವಿರ ಅಕ್ಷರಗಳೊಳಗೆ ವಿವರಣೆ ಬರೆಯಬೇಕು, ಐದೇ ಫೋಟೊ ಸೇರಿಸಬಹುದು, ವಿಡಿಯೊಗೆ ಅವಕಾಶವಿಲ್ಲ. ಎರಡು ದಿನಗಳಲ್ಲಿ ಉತ್ತರ ಬಂತು: ಟ್ರ್ಯಾಕಿಂಗ್ ಪ್ರಕಾರ ವಸ್ತು ನಿಮಗೆ ತಲುಪಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.

ಟ್ರ್ಯಾಕಿಂಗ್ ಹೇಳುವುದು ಒಂದು ಪೆಟ್ಟಿಗೆ ಒಂದು ವಿಳಾಸದಿಂದ ಇನ್ನೊಂದು ವಿಳಾಸಕ್ಕೆ ಬಂತು ಎಂಬುದನ್ನು ಮಾತ್ರ; ಪೆಟ್ಟಿಗೆಯೊಳಗೆ ಏನಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ. ಈ ಸೇವೆಯ ದೋಷವೆಲ್ಲ ನನ್ನ ಪ್ರಕಾರ ಇದೊಂದೇ ಗಂಟಿನಲ್ಲಿದೆ. ವಸ್ತು ತಲುಪಿತೇ ಇಲ್ಲವೇ ಎಂಬ ಪ್ರಶ್ನೆಗಾಗಿ ಕಟ್ಟಿದ ಯಂತ್ರವನ್ನು, ತಲುಪಿದ್ದು ಯಾವ ವಸ್ತು ಎಂಬ ಪ್ರಶ್ನೆಗೂ ಬಳಸುತ್ತಿದ್ದಾರೆ.

ಮೇಲ್ಮನವಿ ಸಲ್ಲಿಸಿದೆ. ಈ ಬಾರಿ ಮನುಷ್ಯರೊಬ್ಬರು ಓದಿದರೆಂಬುದು ಅವರು ಕೇಳಿದ ಪ್ರಶ್ನೆಯಿಂದಲೇ ತಿಳಿಯಿತು: ಮಾರಾಟಕ್ಕೆ ಮೊದಲೇ ಸೀರಿಯಲ್ ನಂಬರ್ ತೆಗೆದಿಟ್ಟ ದಾಖಲೆ ಇದೆಯೇ? ಇತ್ತು, ಅದೂ ಅವರದೇ ಸರ್ವರ್‌ನಲ್ಲಿ. ನಾನು ಮಾರಾಟಕ್ಕಿಟ್ಟಾಗ ಹಾಕಿದ್ದ ನಾಲ್ಕನೆಯ ಫೋಟೊದಲ್ಲಿ ಸಂಖ್ಯೆ ಸ್ಪಷ್ಟವಾಗಿ ಕಾಣುತ್ತಿತ್ತು, ಖರೀದಿಗೆ ಹನ್ನೆರಡು ದಿನ ಮೊದಲಿನ ದಿನಾಂಕವೂ ಅದಕ್ಕಿತ್ತು. ಹತ್ತೊಂಬತ್ತನೆಯ ದಿನ ನನ್ನ ಹಣ ಮರಳಿತು. ಸಾಕ್ಷಿ ಮೊದಲ ದಿನದಿಂದಲೂ ಅವರ ಮನೆಯಲ್ಲೇ ಇದ್ದರೂ ಅದರ ಕಡೆ ಯಾರೂ ಕಣ್ಣು ಹಾಯಿಸಿರಲಿಲ್ಲ.

ಇಂಥ ಸಂಖ್ಯೆಯ ಆಸರೆ ಇಲ್ಲದ ಕಡೆ ಫಲಿತಾಂಶ ಬೇರೆಯಾಗುತ್ತದೆ. ಮತ್ತೊಮ್ಮೆ ಒಂದು ಜೂಮ್ ಲೆನ್ಸ್ ಹಿಂದಿರುಗಿದಾಗ ಪೆಟ್ಟಿಗೆ ಎತ್ತಿದೊಡನೆ ಕೈಗೆ ಹಗುರವೆನಿಸಿತು. ನಾನು ಕಳುಹಿಸುವಾಗ ಕೊರಿಯರ್ ರಸೀದಿಯಲ್ಲಿ ತೂಕ 1,180 ಗ್ರಾಂ. ವಾಪಸು ಬಂದ ಪಾರ್ಸೆಲ್‌ನ ಚೀಟಿಯಲ್ಲಿ 460 ಗ್ರಾಂ. ಒಳಗಿದ್ದದ್ದು ಮುದ್ದೆ ಮಾಡಿ ತುರುಕಿದ ಕಾಗದ ಮತ್ತು ಲೆನ್ಸಿನ ಎರಡು ಪ್ಲಾಸ್ಟಿಕ್ ಮುಚ್ಚಳಗಳು. ಎರಡೂ ಚೀಟಿಗಳ ಚಿತ್ರ ಕಳುಹಿಸಿದೆ. ಪ್ಯಾಕಿಂಗ್ ಸಾಮಗ್ರಿಯ ವ್ಯತ್ಯಾಸದಿಂದ ತೂಕ ಬದಲಾಗಬಹುದಾದ್ದರಿಂದ ಅದು ನಿರ್ಣಾಯಕ ಸಾಕ್ಷಿಯಲ್ಲ ಎಂಬ ಉತ್ತರ ಬಂತು. ಮೇಲ್ಮನವಿಗೂ ಅದೇ ವಾಕ್ಯ. ಮುಕ್ಕಾಲು ಕಿಲೋಗೆ ಹತ್ತಿರವಾದ ವ್ಯತ್ಯಾಸವನ್ನು ಪ್ಯಾಕಿಂಗ್ ಸಾಮಗ್ರಿಯ ಲೆಕ್ಕಕ್ಕೆ ಬರೆದದ್ದನ್ನು ಓದಿ ನನಗೆ ಆದ ನೋವು, ಕಳೆದುಕೊಂಡ ಹಣಕ್ಕಿಂತ ಹೆಚ್ಚಿನದು. ಎರಡೂ ತೂಕಗಳನ್ನು ದಾಖಲಿಸಿದ್ದು ನಾನಲ್ಲ, ಅವರೇ ಗೊತ್ತುಮಾಡಿದ ಕೊರಿಯರ್ ಸಂಸ್ಥೆ.

ಹಾಗೆಂದು ಖರೀದಿದಾರರ ಕಡೆಗಿನ ಈ ವಾಲುವಿಕೆಗೆ ಕಾರಣವೇ ಇಲ್ಲವೆಂದು ನಾನು ಹೇಳಲಾರೆ. ಕೊಳ್ಳುವವರು ವಸ್ತುವನ್ನು ಮುಟ್ಟಿ ನೋಡಿರುವುದಿಲ್ಲ. ಅವರ ಮುಂದಿರುವುದು ನಾವು ಬರೆದ ನಾಲ್ಕು ಸಾಲು ಮತ್ತು ನಾವೇ ಆರಿಸಿದ ಚಿತ್ರಗಳು. ಕಳೆದ ವರ್ಷ ಒಬ್ಬರು ಆಟೊಫೋಕಸ್ ಕೆಲಸ ಮಾಡುತ್ತಿಲ್ಲ ಎಂದು ಬರೆದಾಗ, ಹಿಂದಿನ ಅನುಭವಗಳಿಂದ ಕಹಿಯಾಗಿದ್ದ ನಾನು ಅವರಿಗೆ ಬಿರುಸಾಗಿ ಉತ್ತರಿಸಿ, ಲೆನ್ಸ್ ಮರಳುವ ಮೊದಲೇ ವಿವಾದವನ್ನೂ ದಾಖಲಿಸಿದೆ. ಮರಳಿದ ಲೆನ್ಸಿನ ಸೀರಿಯಲ್ ನಂಬರ್ ನನ್ನದೇ ಆಗಿತ್ತು. ಕ್ಯಾಮೆರಾಕ್ಕೆ ಹಾಕಿ ಮೇಜಿನ ಮೇಲಿಟ್ಟಾಗ ಸರಿಯಾಗಿ ಫೋಕಸ್ ಮಾಡುತ್ತಿತ್ತು. ಕ್ಯಾಮೆರಾವನ್ನು ಕೆಳಮುಖವಾಗಿ ಬಾಗಿಸಿದೊಡನೆ ಮೋಟಾರ್ ನಿಂತುಹೋಗುತ್ತಿತ್ತು. ಮಾರುವ ಮೊದಲು ಅದನ್ನು ನಾನು ಬಾಗಿಸಿ ಪರೀಕ್ಷಿಸಿರಲಿಲ್ಲ. ಅವರಲ್ಲಿ ಕ್ಷಮೆ ಕೇಳಿ, ವಿವಾದವನ್ನು ಹಿಂತೆಗೆದುಕೊಂಡು, ಸಾಗಣೆ ವೆಚ್ಚದೊಂದಿಗೆ ಹಣ ಕೊಟ್ಟೆ. ಮೋಸಗಾರರು ಮಾಡುವ ದೊಡ್ಡ ಹಾನಿ ಬಹುಶಃ ಇದೇ: ಪ್ರಾಮಾಣಿಕರಾದ ಮುಂದಿನ ಗ್ರಾಹಕರನ್ನೂ ನಾವು ಸಂಶಯದಿಂದ ನೋಡುವಂತಾಗುತ್ತದೆ.

ಇತರೆಡೆಯ ನಿಯಮಗಳ ಜೊತೆಗಿಟ್ಟು ನೋಡಿದರೆ ಈ ಸೇವೆಯಲ್ಲಿ ಏನು ಕಡಿಮೆಯಿದೆ ಎಂಬುದು ಇನ್ನಷ್ಟು ತಿಳಿಯುತ್ತದೆ. ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನವು ದೂರದಿಂದ ಕೊಂಡ ವಸ್ತುವನ್ನು ಕಾರಣ ಹೇಳದೆಯೇ 14 ದಿನಗಳೊಳಗೆ ಹಿಂದಿರುಗಿಸುವ ಹಕ್ಕನ್ನು ಕೊಳ್ಳುವವರಿಗೆ ಕೊಡುತ್ತದೆ. ಅದೇ ಉಸಿರಿನಲ್ಲಿ, ವಸ್ತುವಿನ ಗುಣಲಕ್ಷಣ ತಿಳಿಯಲು ಬೇಕಾದುದಕ್ಕಿಂತ ಹೆಚ್ಚು ಬಳಸಿ ಬೆಲೆ ಕುಂದಿಸಿದರೆ ಆ ನಷ್ಟಕ್ಕೆ ಅವರೇ ಹೊಣೆಯೆಂದೂ ಹೇಳುತ್ತದೆ. ವಸ್ತು ಕೈಸೇರುವವರೆಗೆ, ಅಥವಾ ಕಳುಹಿಸಿದ್ದಕ್ಕೆ ಪುರಾವೆ ಸಿಗುವವರೆಗೆ, ಹಣವನ್ನು ತಡೆಹಿಡಿಯಲು ವ್ಯಾಪಾರಿಗೆ ಅವಕಾಶವೂ ಉಂಟು. ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಉಚಿತ ರಿಟರ್ನ್ ನೀಡುವ ಅರ್ಹ ಮಾರಾಟಗಾರರು, ವಸ್ತು ಕೆಟ್ಟು ಬಂದಾಗ ರೀಫಂಡ್‌ನಲ್ಲಿ ಅರ್ಧದವರೆಗೆ ಕಡಿತ ಮಾಡಬಹುದು. ನಾನು ಬಳಸುವ ಸೇವೆಯಲ್ಲಿ ಇಂಥ ನಡುದಾರಿಯೇ ಇಲ್ಲ; ಇಡೀ ಹಣ ಅವರಿಗೆ, ಇಲ್ಲವೇ ಇಡೀ ಹಣ ನಮಗೆ. ಹಾಗೆಂದು ಎಲ್ಲ ಕೊರತೆಯೂ ಇವರೊಬ್ಬರದೇ ಅಲ್ಲ. ಆನ್‌ಲೈನ್ ಪಾವತಿ ಸೇವೆಯಾದ ಪೇಪ್ಯಾಲ್‌ನ ಮಾರಾಟಗಾರ ರಕ್ಷಣೆಯೂ ಅನಧಿಕೃತ ಪಾವತಿ ಮತ್ತು ತಲುಪದ ವಸ್ತುವಿನ ದೂರುಗಳಿಗೆ ಮಾತ್ರ ಅನ್ವಯಿಸುತ್ತದೆ. ‘ವಿವರಣೆಯಂತಿಲ್ಲ’ ಎಂಬ ದೂರು ಅದರ ವ್ಯಾಪ್ತಿಯಿಂದ ಹೊರಗಿದೆ, ಆ ದೂರು ಸಲ್ಲಿಸಲು ಕೊಳ್ಳುವವರಿಗಿರುವ ಅವಧಿಯೋ ಪಾವತಿಯಾದ ದಿನದಿಂದ 180 ದಿನ.

ಚಾರ್ಜ್‌ಬ್ಯಾಕ್‌ ವಿಷಯದಲ್ಲಿ ಮಾತ್ರ ಈ ಸೇವೆಯನ್ನು ಮನಸಾರೆ ಮೆಚ್ಚಬೇಕು. ಮಾರುಕಟ್ಟೆಯಲ್ಲಿ ಸೋತ ಖರೀದಿದಾರರು ತಮ್ಮ ಬ್ಯಾಂಕಿಗೆ ಹೋಗಿ ಕಾರ್ಡ್ ಪಾವತಿಯನ್ನೇ ಪ್ರಶ್ನಿಸಿ ಹಣ ಹಿಂದಕ್ಕೆ ಕೇಳಬಹುದು; ಇದೇ ಚಾರ್ಜ್‌ಬ್ಯಾಕ್. ಕಾರ್ಡ್ ಪಾವತಿಗಳ ಜಾಲ ನಡೆಸುವ ವೀಸಾ ಸಂಸ್ಥೆಯ ನಿಯಮಾವಳಿಯಲ್ಲಿ ತಲುಪದ ವಸ್ತುವಿಗೆ 13.1, ವಿವರಣೆಯಂತಿಲ್ಲದ ವಸ್ತುವಿಗೆ 13.3, ಕಾರ್ಡ್ ಎದುರಿಗಿಲ್ಲದೆ ನಡೆದ ವಂಚನೆಗೆ 10.4 ಎಂಬ ಸಂಕೇತಗಳಿವೆ. ಯಾವ ಸಂಕೇತದಡಿ ದೂರು ಬಂದಿದೆಯೋ ಅದಕ್ಕೆ ತಕ್ಕ ದಾಖಲೆಯನ್ನೇ ಕೊಡಬೇಕು, ಬೇರೆ ಎಷ್ಟು ಕಾಗದ ಕೊಟ್ಟರೂ ಪ್ರಯೋಜನವಿಲ್ಲ. ಒಬ್ಬ ಹಳೆಯ ಗ್ರಾಹಕರು ಲೆನ್ಸ್ ಪಡೆದು, ಬಳಸಿ, ಈ ಖರೀದಿ ನಾನು ಮಾಡಿದ್ದೇ ಅಲ್ಲ ಎಂದು ಬ್ಯಾಂಕಿಗೆ ಬರೆದಿದ್ದರು. ವೀಸಾ 2023ರ ಏಪ್ರಿಲ್‌ನಲ್ಲಿ ಜಾರಿಗೆ ತಂದ ನಿಯಮದ ಪ್ರಕಾರ, ಅದೇ ಕಾರ್ಡಿನಿಂದ 120ರಿಂದ 365 ದಿನಗಳ ಹಿಂದೆ ತಕರಾರಿಲ್ಲದೆ ನಡೆದ ಎರಡು ಖರೀದಿಗಳಿದ್ದು, ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆ) ಅಥವಾ ಸಾಧನದ ಗುರುತು ಸೇರಿದಂತೆ ಕನಿಷ್ಠ ಎರಡು ವಿವರಗಳು ಈಗಿನ ಖರೀದಿಗೂ ಹೊಂದಿಕೆಯಾದರೆ, ವಂಚನೆಯ ದೂರು ಊರ್ಜಿತವಾಗುವುದಿಲ್ಲ. ಆ ವಿವರಗಳು ಮಾರುಕಟ್ಟೆಯ ಬಳಿ ಮಾತ್ರ ಇರುತ್ತವೆ, ನಮ್ಮ ಕೈಗೆ ಸಿಗುವುದಿಲ್ಲ. ಸೇವೆಯ ಸಿಬ್ಬಂದಿ ನಾನು ಕೇಳದೆಯೇ ಅವನ್ನು ಜೋಡಿಸಿ ಬ್ಯಾಂಕಿಗೆ ಕಳುಹಿಸಿ, ಮುಗಿದ ಮೇಲೆ ನನಗೆ ತಿಳಿಸಿದರು. ವಸ್ತು ತಲುಪಲೇ ಇಲ್ಲ ಎಂಬ ಉಳಿದ ಮೂರು ದೂರುಗಳಲ್ಲಿಯೂ, ಸಹಿ ಮತ್ತು ಬಾಗಿಲ ಬಳಿಯ ಫೋಟೊ ಇದ್ದುದರಿಂದ, ಒಂದೇ ದಿನದಲ್ಲಿ ತೀರ್ಪು ನನ್ನ ಪರವಾಯಿತು.

ಬೆದರಿಕೆಯ ಪ್ರಕರಣಗಳಲ್ಲೂ ಇವರ ನಡೆ ಚೆನ್ನಾಗಿದೆ. ‘ಅರ್ಧ ಹಣ ವಾಪಸು ಕೊಡಿ, ಇಲ್ಲವಾದರೆ ಒಂದು ಸ್ಟಾರ್ ಹಾಕುತ್ತೇನೆ’ ಎಂಬ ಮಾತು ನನಗೆ ಎರಡು ಬಾರಿ ಬಂದಿದೆ. ಇಬೇ 2008ರಲ್ಲಿಯೇ ಮಾರಾಟಗಾರರು ಖರೀದಿದಾರರ ಬಗ್ಗೆ ಪ್ರತಿಕೂಲ ಅಭಿಪ್ರಾಯ ದಾಖಲಿಸುವುದನ್ನು ನಿಲ್ಲಿಸಿತು. ನಾನಿರುವ ಮಾರುಕಟ್ಟೆಯಲ್ಲೂ ಹಾಗೆಯೇ ಇರುವುದರಿಂದ ಇಂಥವರ ಬಗ್ಗೆ ಮತ್ತೊಬ್ಬ ಮಾರಾಟಗಾರರಿಗೆ ಎಚ್ಚರಿಕೆ ಹೇಳುವ ದಾರಿಯಿಲ್ಲ. ಆದರೆ ಸಂಭಾಷಣೆಯೆಲ್ಲ ಮಾರುಕಟ್ಟೆಯ ಸಂದೇಶ ಪೆಟ್ಟಿಗೆಯಲ್ಲೇ ನಡೆದಿದ್ದರೆ, ದೂರು ಕೊಟ್ಟ ಮರುದಿನವೇ ಆ ವಿಮರ್ಶೆಯನ್ನು ತೆಗೆದುಹಾಕುತ್ತಾರೆ. ಫೋನ್ ನಂಬರ್ ಕೊಡಿ, ಹೊರಗೆ ಮಾತನಾಡೋಣ ಎಂದು ಯಾರಾದರೂ ಕೇಳಿದರೆ ದಯವಿಟ್ಟು ಕೊಡಬೇಡಿ. ಹೊರಗೆ ಆಡಿದ ಮಾತಿಗೆ ಈ ಸೇವೆಯಲ್ಲಿ ಬೆಲೆಯಿಲ್ಲ.

ಈಗ ನಾನು ಪ್ರತಿ ಲೆನ್ಸನ್ನೂ ಪ್ಯಾಕ್ ಮಾಡುವಾಗ ಒಂದೇ ಸಲಕ್ಕೆ, ನಡುವೆ ನಿಲ್ಲಿಸದೆ, ವಿಡಿಯೊ ತೆಗೆಯುತ್ತೇನೆ. ಸೀರಿಯಲ್ ನಂಬರ್, ಟಾರ್ಚ್ ಬೆಳಕಿನಲ್ಲಿ ಗಾಜು, ಬಳೆಯ ಸ್ಕ್ರೂಗಳ ಮೇಲೆ ನಾನಿಟ್ಟ ಬಣ್ಣದ ಚುಕ್ಕೆ, ಮುಚ್ಚಿದ ಪೆಟ್ಟಿಗೆ, ತಕ್ಕಡಿಯ ಅಂಕಿ, ವಿಳಾಸದ ಚೀಟಿ, ಇಷ್ಟೂ ಅದರಲ್ಲಿ ಬರಬೇಕು. ವಾಪಸು ಬಂದದ್ದನ್ನು ತೆರೆಯುವಾಗಲೂ ಚೀಟಿಯಿಂದಲೇ ಆರಂಭಿಸುತ್ತೇನೆ, ಟೇಪ್ ಕತ್ತರಿಸುವ ಮುನ್ನ ಪೆಟ್ಟಿಗೆಯ ಆರೂ ಬದಿಗಳನ್ನು ತೋರಿಸುತ್ತೇನೆ. ವಿಡಿಯೊ ಸ್ವೀಕರಿಸದ ಫಾರ್ಮ್‌ಗಾಗಿ ಅದರಿಂದಲೇ ಐದು ಚಿತ್ರಗಳನ್ನು ತೆಗೆದು, ಪ್ರತಿಯೊಂದರಲ್ಲೂ ಚೀಟಿಯ ಒಂದು ತುದಿಯಾದರೂ ಕಾಣುವಂತೆ ನೋಡಿಕೊಳ್ಳುತ್ತೇನೆ. ಈ ಕ್ರಮ ಹಿಡಿದ ಮೇಲೆ ಬಂದ ಒಂದು ಅದಲುಬದಲಿನ ಪ್ರಕರಣ ಮೇಲ್ಮನವಿಯಲ್ಲಿ ನನ್ನ ಪರವಾಯಿತು. ಬಣ್ಣದ ಚುಕ್ಕೆಯನ್ನೇ ನಂಬಿಕೊಂಡ ಇನ್ನೊಂದು ಆಗಲಿಲ್ಲ; ಸೀರಿಯಲ್ ನಂಬರ್ ಅಳಿಸಿಹೋಗಿದ್ದ ಆ ಹಳೆಯ ಲೆನ್ಸಿನಲ್ಲಿ, ಚುಕ್ಕೆಯನ್ನು ಯಾರು ಬೇಕಾದರೂ ಇಡಬಹುದು ಎಂದರು. ಆ ಮಾತು ತಪ್ಪೆಂದು ನಾನು ವಾದಿಸಲಾರೆ.

ತಲುಪದ ವಸ್ತು, ಚಾರ್ಜ್‌ಬ್ಯಾಕ್ ಮತ್ತು ಬೆದರಿಕೆಗಳ ವಿಷಯದಲ್ಲಿ ಈ ಸೇವೆಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡಬಲ್ಲೆ. ಹಿಂದಿರುಗಿದ ವಸ್ತುವಿನ ಅದಲುಬದಲಿನ ವಿಷಯದಲ್ಲಿ ಒಂದಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ. ಬಾಗಿಲ ಸ್ಕ್ಯಾನ್‌ಗೂ ರೀಫಂಡ್‌ಗೂ ನಡುವೆ 48 ಗಂಟೆಗಳ ಅವಕಾಶ, ಫಾರ್ಮ್‌ನಲ್ಲಿ ‘ಬೇರೆಯೇ ವಸ್ತು ಬಂದಿದೆ’ ಎಂಬ ಏಳನೆಯ ಆಯ್ಕೆ, ಕೊರಿಯರ್ ದಾಖಲಿಸಿದ ಎರಡು ತೂಕಗಳ ಹೋಲಿಕೆ, ಈ ಮೂರನ್ನು ಕೋರಿ ಎರಡು ಬಾರಿ ಬರೆದಿದ್ದೇನೆ. ಸಲಹೆಯನ್ನು ದಾಖಲಿಸಿಕೊಂಡಿದ್ದೇವೆ ಎಂಬ ಉತ್ತರ ಎರಡು ಬಾರಿಯೂ ಬಂದಿದೆ. ಅವು ಜಾರಿಗೆ ಬರುವವರೆಗೆ, ಸೀರಿಯಲ್ ನಂಬರ್ ಕಾಣದ ಲೆನ್ಸ್‌ಗಳನ್ನು ನಾನು ಅಲ್ಲಿ ಮಾರುತ್ತಿಲ್ಲ. ಅಂಥವನ್ನು ನೇರವಾಗಿ ಬಂದು, ಕೈಯಲ್ಲಿ ಹಿಡಿದು, ಬೆಳಕಿಗೊಡ್ಡಿ ನೋಡಿ ಕೊಳ್ಳುವವರಿಗೆ ಮಾತ್ರ ಕೊಡುತ್ತಿದ್ದೇನೆ.