ಇನ್ಸುಲಿನ್ ಪೆನ್ನೋ, ಆಟೊಮ್ಯಾಟಿಕ್ ಪಂಪೋ? ಮಲೆನಾಡಿನ ಟೈಪ್ 1 ಡಯಾಬಿಟಿಸ್ ಮನೆಗಳಿಗೆ

ಟೈಪ್ 1 ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ; ಅದನ್ನು ಪೆನ್ನಿನಲ್ಲಿ ಚುಚ್ಚಬೇಕು, ಇಲ್ಲವೇ ಪಂಪಿನಿಂದ ಕೊಡಬೇಕು. ಖರ್ಚಿನಲ್ಲಿ ಪೆನ್ನೇ ಹಗುರ. ಪಂಪಿಗೆ ಲಕ್ಷಗಟ್ಟಲೆ ಬೇಕು, ಮೇಲೆ ಶುಗರ್ ಅಳೆಯುವ ಸೆನ್ಸರ್, ಟ್ಯೂಬ್ ಖರ್ಚು ಬೇರೆ. ಆದರೂ ರಾತ್ರಿ ಶುಗರ್ ಇಳಿಯುವ ಭಯವಿದ್ದರೆ ನನ್ನ ಓಟು ಪಂಪಿಗೇ. ಮಿನಿಮೆಡ್ 780ಜಿ ಥರದ ಪಂಪು 5 ನಿಮಿಷಕ್ಕೊಮ್ಮೆ ಸೆನ್ಸರ್ ನೋಡಿ ಇನ್ಸುಲಿನ್ ಹೆಚ್ಚು ಕಮ್ಮಿ ಮಾಡುತ್ತದೆ. ಪೆನ್ನಿನಲ್ಲಿ ಚುಚ್ಚಿದ್ದನ್ನು ವಾಪಸ್ ತೆಗೆಯೋಕಾಗಲ್ಲ, ಅಲ್ವಾ? ಕರೆಂಟ್ ಹೋದರೂ, ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ಈ ಪಂಪು ನಡೆಯುತ್ತದೆ. ಎಎ ಬ್ಯಾಟರಿ ಸಾಕು.

ಹಾಗಂತ ಸುಮ್ನೆ ಕೂರುವ ಹಾಗಿಲ್ಲ. ಅಕ್ಕಿ ರೊಟ್ಟಿ ಎರಡೋ ಮೂರೋ, ತಿನ್ನುವ ಮೊದಲೇ ಲೆಕ್ಕ ಹಾಕಿ ಪಂಪಿನಲ್ಲಿ ಒತ್ತಬೇಕು.

ನಿಜವಾದ ಅಪಾಯ ಬೇರೆ ಇದೆ. ಪಂಪಿನಲ್ಲಿರುವುದು ಬೇಗ ಕೆಲಸ ಮಾಡಿ ಮುಗಿಯುವ ಇನ್ಸುಲಿನ್ ಮಾತ್ರ. ಅಡಿಕೆ ತೋಟದ ಬೆವರಿಗೆ ಅಂಟು ಬಿಟ್ಟು ಚರ್ಮದೊಳಗಿನ ಸಣ್ಣ ಕೊಳವೆ ಮಡಚಿ ಇನ್ಸುಲಿನ್ ನಿಂತರೆ ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಆಮ್ಲ) ಏರುತ್ತದೆ. ಪೆನ್ನಿನವರಿಗೆ ದಿನವಿಡೀ ಇರುವ ಇನ್ಸುಲಿನ್‌ನ ಆಸರೆ ಇರುತ್ತದೆ. ಹೊಸನಗರ, ಆಗುಂಬೆ ಕಡೆ ಜೋರು ಮಳೆಗೆ ರಸ್ತೆ ಬಂದಾದರೆ ಶಿವಮೊಗ್ಗ ಬಹಳ ದೂರ. ಆದ್ದರಿಂದ ಪಂಪ್ ಹಾಕಿಸಿದರೂ ಪೆನ್ನು, ಗ್ಲೂಕೋಮೀಟರ್, ಕೀಟೋನ್ ಸ್ಟ್ರಿಪ್ ಮನೆಯಲ್ಲಿರಲೇಬೇಕು. ಶುಗರ್ 250 ದಾಟಿ ಇಳಿಯದಿದ್ದರೆ ಕೀಟೋನ್ ನೋಡಿ. ಡಾಕ್ಟರ್ ಹೇಳಿಕೊಟ್ಟ ಡೋಸನ್ನು ಪೆನ್ನಿನಲ್ಲೇ ಚುಚ್ಚಿ, ಆಮೇಲೆ ಪಂಪಿನ ಸೆಟ್ (ಟ್ಯೂಬ್, ಕೊಳವೆ) ಬದಲಿಸಿ. ವಾಂತಿ ಶುರುವಾದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಶುಗರ್ 70ಕ್ಕಿಂತ ಇಳಿದರೆ ಪೆನ್ನಿನವರಿಗೆ 15 ಗ್ರಾಂ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಟೆಸ್ಟ್. ಪಂಪು ಆಗಲೇ ಇನ್ಸುಲಿನ್ ನಿಲ್ಲಿಸಿರುವುದರಿಂದ ಎಷ್ಟೋ ಸಲ ಅದಕ್ಕಿಂತ ಕಮ್ಮಿ ಸಾಕಾಗುತ್ತದೆ. ನಿಮ್ಮ ಅಳತೆಯನ್ನು ಡಾಕ್ಟರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.